ಕೀಲುನೋವಿನ ಮದ್ದಿಗೆ ಮೊದಲು ಅದರ ಮೂಲ

ದುಡಿಯುವ ಕೈಗೂ ನಡೆಯುವ ಕಾಲಿಗೂ ಬಾಗುವ ಬೆನ್ನಿಗೂ ಆಧಾರವಾದುದು ಕೀಲು. ಕಾಯಕವನ್ನೇ ಬದುಕಿನ ಬೆಲೆಯೆಂದು ನಂಬಿದ ಮನೆಗಳಲ್ಲಿ ಒಬ್ಬರ ಕೀಲು ಹಿಡಿದುಕೊಂಡಿತೆಂದರೆ ಅದು ಒಂದು ದೇಹದ ನೋವು ಮಾತ್ರವಲ್ಲ, ಇಡೀ ಮನೆಯ ದುಡಿಮೆಗೆ ಬಿದ್ದ ಪೆಟ್ಟು. ಹೊಲಕ್ಕೆ ಹೋಗುತ್ತಿದ್ದವರು ಕಟ್ಟೆಯ ಮೇಲೆ ಕುಳಿತುಬಿಡುತ್ತಾರೆ. ನೆಲದ ಮೇಲೆ ಕುಳಿತು ಪೂಜೆ ಮಾಡುತ್ತಿದ್ದ ಹಿರಿಯರು ಕುರ್ಚಿಯನ್ನು ಆಶ್ರಯಿಸುತ್ತಾರೆ. ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದ ತಾಯಂದಿರು ಗೋಡೆ ಹಿಡಿದು ಏಳುವಂತಾಗುತ್ತದೆ.

ಹೀಗಾದಾಗ ನಮ್ಮ ಮನೆಗಳಲ್ಲಿ ಕೇಳಿಬರುವ ಮಾತುಗಳು ಎರಡೇ. ಒಂದು, "ವಾಯು ಆಗಿದೆ." ಇನ್ನೊಂದು, "ವಯಸ್ಸಾಯಿತಲ್ಲ!" ಈ ಎರಡು ಮಾತುಗಳಿಂದ ಮನಸ್ಸಿಗೆ ಸಮಾಧಾನವಾಗಬಹುದು, ರೋಗಕ್ಕೆ ಪರಿಹಾರ ದೊರೆಯದು. ಆಯುರ್ವೇದದಲ್ಲಿ ಚಿಕಿತ್ಸೆಗೆ ಮೊದಲು ನಿದಾನ ಎಂದಿದೆ. ನಿದಾನವೆಂದರೆ ರೋಗದ ಮೂಲಕಾರಣವನ್ನು ಹುಡುಕುವುದು. ಆಧುನಿಕ ವೈದ್ಯಶಾಸ್ತ್ರವೂ ಇದನ್ನೇ ಹೇಳುತ್ತದೆ. ಕೀಲುನೋವಿನ ವಿಷಯದಲ್ಲಂತೂ, ಅದರಲ್ಲಿಯೂ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ನಡುವಿನ ಬಳಗಾನೂರು ಸೀಮೆಯ ಕುಟುಂಬಗಳ ಮಟ್ಟಿಗೆ, ಈ ಮಾತು ಅತ್ಯಂತ ಮುಖ್ಯವೆಂದು ನಾವು ಭಾವಿಸುತ್ತೇವೆ. ಏಕೆಂದರೆ ಇಲ್ಲಿ ಕೀಲುನೋವಿನ ಮೂಲ ಕೆಲವೊಮ್ಮೆ ದೇಹದೊಳಗಿಲ್ಲ, ಕುಡಿಯುವ ನೀರಿನಲ್ಲಿದೆ.

ಕೀಲುನೋವು ಒಂದೇ ರೋಗವಲ್ಲ

ಜ್ವರ ಹೇಗೆ ಅನೇಕ ರೋಗಗಳ ಲಕ್ಷಣವೋ ಹಾಗೆಯೇ ಕೀಲುನೋವು ಕೂಡ. ವೈದ್ಯರು ನೂರಕ್ಕೂ ಹೆಚ್ಚು ಬಗೆಯ ಕೀಲುರೋಗಗಳನ್ನು ಗುರುತಿಸಿದ್ದಾರೆ. ಅವುಗಳಲ್ಲಿ ನಮ್ಮ ಮನೆಗಳಿಗೆ ಹತ್ತಿರವಾದ ಕೆಲವನ್ನು ಮಾತ್ರ ಇಲ್ಲಿ ಹೇಳುತ್ತೇವೆ.

ಮೊದಲನೆಯದು ಸವೆತದ ಸಂಧಿವಾತ. ಮೂಳೆಗಳ ತುದಿಗೆ ಮೆತ್ತೆಯಂತಿರುವ ಮೃದ್ವಸ್ಥಿ ವಯಸ್ಸು, ದೇಹದ ತೂಕ, ಹಳೆಯ ಪೆಟ್ಟು ಮೊದಲಾದ ಕಾರಣಗಳಿಂದ ಸವೆದು ಮೊಣಕಾಲು ನೋಯುತ್ತದೆ. ನಡೆದಾಗ, ಮೆಟ್ಟಿಲು ಹತ್ತಿದಾಗ ನೋವು ಹೆಚ್ಚು, ವಿಶ್ರಾಂತಿ ಪಡೆದಾಗ ಕಡಿಮೆ. ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲುತ್ತದೆ.

ಎರಡನೆಯದು ರುಮಟಾಯ್ಡ್ ಸಂಧಿವಾತ. ದೇಹವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ಕೀಲುಗಳ ಮೇಲೆ ತಿರುಗಿ ಬೀಳುವ ರೋಗವಿದು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಎರಡೂ ಕೈಗಳ ಬೆರಳಿನ ಗೆಣ್ಣು, ಮಣಿಕಟ್ಟುಗಳು ಊದಿಕೊಳ್ಳುತ್ತವೆ. ಬೆಳಗಿನ ಬಿಗಿತ ಒಂದು ಗಂಟೆಗೂ ಮಿಕ್ಕಿ ಇರುತ್ತದೆ. ಹಿಟ್ಟು ನಾದಲಾಗದು, ಸೀರೆಯ ನೆರಿಗೆ ಹಿಡಿಯಲಾಗದು. ಮಹಾರಾಷ್ಟ್ರದ ಪುಣೆ–ಸೊಲ್ಲಾಪುರ ಹಾದಿಯಲ್ಲಿರುವ ಭಿಗವಣ ಗ್ರಾಮದಲ್ಲಿ ಡಾ. ಅರವಿಂದ ಚೋಪ್ರಾ ಅವರ ನೇತೃತ್ವದಲ್ಲಿ 1996ರಿಂದ ಮನೆಮನೆಯ ಸಮೀಕ್ಷೆ ನಡೆಯಿತು. ಅಲ್ಲಿನ ವಯಸ್ಕರಲ್ಲಿ 200 ಮಂದಿಗೆ ಒಬ್ಬರಂತೆ ಈ ರೋಗ ಕಂಡುಬಂದಿತು. ಅಂದರೆ ಇದು ಪಟ್ಟಣದ ರೋಗವೆಂಬ ಭಾವನೆ ಸರಿಯಲ್ಲ.

ಇನ್ನು ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಾಗಿ ರಾತ್ರೋರಾತ್ರಿ ಕಾಲಿನ ಹೆಬ್ಬೆರಳು ಕೆಂಪೇರಿ ಉರಿಯುವ ಗೌಟ್ ಇದೆ. ತಿಂಗಳುಗಟ್ಟಲೆ ಒಂದೇ ಕೀಲು ಊದಿ, ಸಂಜೆ ಜ್ವರ ಬಂದು, ತೂಕ ಇಳಿದರೆ ಕೀಲಿನ ಕ್ಷಯವಿರಬಹುದು. ಒಂದು ಕೀಲು ಹಠಾತ್ತನೆ ಊದಿ, ಬಿಸಿಯಾಗಿ, ಚಳಿಜ್ವರ ಬಂದರೆ ಕೀಲಿನಲ್ಲಿ ಕೀವು ತುಂಬಿರುವ ಸಂಭವವಿದೆ. ಅಂಥವರನ್ನು ಅಂದೇ ಆಸ್ಪತ್ರೆಗೆ ಸೇರಿಸಬೇಕು.

ಈ ಯಾವ ರೋಗಕ್ಕೂ ಮತ್ತೊಂದರ ಮದ್ದು ಹೊಂದುವುದಿಲ್ಲ. ಮೂಲ ತಿಳಿಯದೆ ಮದ್ದು ಕೊಡುವುದು ಕತ್ತಲಲ್ಲಿ ಕಲ್ಲೆಸೆದಂತೆ.

ನೀರು ತಂದ ಕೀಲುರೋಗ

ಈಗ ನಮ್ಮ ಸೀಮೆಯ ಮಾತಿಗೆ ಬರೋಣ. ರಾಯಚೂರು ಜಿಲ್ಲೆ ಕರ್ನಾಟಕದ ಫ್ಲೋರೈಡ್ ಪೀಡಿತ ಜಿಲ್ಲೆಗಳಲ್ಲೊಂದು. ಹಟ್ಟಿಯಲ್ಲಿ ಚಿನ್ನ ಕೊಡುವ ಶಿಲಾಪಟ್ಟಿ ಮಸ್ಕಿಯವರೆಗೂ ಹಬ್ಬಿದೆ. ಅದರ ಸುತ್ತಲೂ ಇರುವುದು ಬೆಣಚು ಕಲ್ಲು, ಅಂದರೆ ಗ್ರಾನೈಟ್ ಮತ್ತು ನೈಸ್ ಶಿಲೆ. ಈ ಶಿಲೆಗಳ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಸಹಜವಾಗಿಯೇ ಇರುತ್ತದೆ. ಮಳೆ ಕಡಿಮೆಯಾದ ನಾಡಿನಲ್ಲಿ ನೀರು ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತು ಕ್ಷಾರಗುಣ ಪಡೆಯುತ್ತದೆ, ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಾಗಲಿ ನಾರಾಯಣಪುರ ಬಲದಂಡೆ ಕಾಲುವೆಯ ಕೃಷ್ಣಾ ನೀರಿನಲ್ಲಾಗಲಿ ಈ ತೊಂದರೆ ಅಷ್ಟಾಗಿ ಇರದು. ಆದರೆ ಕೊಳವೆ ಬಾವಿಯನ್ನೇ ನಂಬಿದ ಊರುಗಳಲ್ಲಿ ಎಚ್ಚರ ಬೇಕು. ಫ್ಲೋರೈಡ್ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಣ್ಣಿಗೆ ತಿಳಿಯಾಗಿ ಕಂಡು, ಬಾಯಿಗೆ ರುಚಿಸಿದ ನೀರಿನಲ್ಲಿಯೂ ಅದು ಇರಬಹುದು.

ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಒಂದು ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರು ದೊರೆಯದಿದ್ದಲ್ಲಿ ಮಾತ್ರ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ 1.5 ಮಿಲಿಗ್ರಾಮೇ. ನೀರಿನಲ್ಲಿ 3ರಿಂದ 6 ಮಿಲಿಗ್ರಾಂ ಇದ್ದು, ಅದನ್ನು ವರ್ಷಗಟ್ಟಲೆ ಕುಡಿದರೆ ಮೂಳೆಯ ರೋಗ ಕಾಣಿಸಿಕೊಳ್ಳಬಹುದೆಂದು ಅದೇ ಸಂಸ್ಥೆ ತಿಳಿಸಿದೆ. ಬಿಸಿಲಿನಲ್ಲಿ ದುಡಿಯುವ ನಮ್ಮ ರೈತರು ಕುಡಿಯುವ ನೀರಿನ ಪ್ರಮಾಣ ಹೆಚ್ಚು. ಆದುದರಿಂದ ಅವರ ದೇಹ ಸೇರುವ ಫ್ಲೋರೈಡೂ ಹೆಚ್ಚು.

ದೇಹ ಸೇರಿದ ಫ್ಲೋರೈಡಿನಲ್ಲಿ ಒಂದು ಪಾಲು ಮೂತ್ರದಲ್ಲಿ ಹೊರಟುಹೋಗುತ್ತದೆ. ವಯಸ್ಕರಲ್ಲಿ ಸುಮಾರು ಅರ್ಧದಷ್ಟು, ಬೆಳೆಯುವ ಮಕ್ಕಳಲ್ಲಿ ಅದಕ್ಕಿಂತ ಹೆಚ್ಚು, ಮೂಳೆಯಲ್ಲಿ ಉಳಿಯುತ್ತದೆ. ಕಾಲಕ್ರಮದಲ್ಲಿ ಮೂಳೆ ದಪ್ಪಗಾಗುತ್ತದೆ, ಕೀಲುಗಳನ್ನು ಬಿಗಿದಿಡುವ ಕಟ್ಟುಗಳಲ್ಲಿಯೂ ಸುಣ್ಣದ ಅಂಶ ಗಟ್ಟಿಗೊಳ್ಳುತ್ತದೆ. ಕುತ್ತಿಗೆ ತಿರುಗದು, ಬೆನ್ನು ಬಾಗದು, ಮೊಣಕಾಲು ಮಡಚದು. ರೋಗ ಬಲಿತರೆ ಬೆನ್ನುಹುರಿಯ ಮೇಲೆ ಒತ್ತಡ ಬಿದ್ದು ಕಾಲುಗಳ ಬಲವೇ ಹೋಗಬಹುದು. ಪಂಜಾಬಿನ ವೈದ್ಯರಾದ ಅಮರ್ ಸಿಂಗ್, ಜಾಲಿ ಮತ್ತು ಬನ್ಸಲ್ 1960ರ ದಶಕದ ಆರಂಭದಲ್ಲಿ ಇಂಥ ನರದೌರ್ಬಲ್ಯವನ್ನು ವಿವರವಾಗಿ ದಾಖಲಿಸಿದ್ದಾರೆ.

ಸಂಶೋಧಕರು ನಡೆದ ಹಾದಿ

ನಮ್ಮ ದೇಶದಲ್ಲಿ ಈ ರೋಗದ ಸುಳಿವು ದೊರೆತುದು ಮೊದಲು ದನಕರುಗಳಿಂದ ಎಂಬುದು ಒಕ್ಕಲು ಮನೆತನಗಳು ಗಮನಿಸಬೇಕಾದ ಸಂಗತಿ. 1930ರ ದಶಕದಲ್ಲಿ ಆಗಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಉಳುವ ಎತ್ತುಗಳು ಕೀಲು ಬಿಗಿದು ನಡೆಯಲಾರದೆ ನಿಲ್ಲತೊಡಗಿದವು. ಅದೇ ಸೀಮೆಯ ಜನರಲ್ಲಿಯೂ ಅಂಥದೇ ಬಿಗಿತ ಕಂಡಿತು. ಮದರಾಸಿನ ಗಿಂಡಿಯಲ್ಲಿರುವ ಕಿಂಗ್ ಸಂಸ್ಥೆಯ ಶಾರ್ಟ್, ಪಂಡಿತ್ ಮತ್ತು ರಾಘವಾಚಾರಿ ಎಂಬ ವಿಜ್ಞಾನಿಗಳು ಇದು ನೀರಿನ ಫ್ಲೋರೈಡಿನಿಂದ ಬಂದ ರೋಗವೆಂದು 1937ರಲ್ಲಿ ಪ್ರಕಟಿಸಿದರು. ಪಂಡಿತ್ ಮತ್ತು ಸಂಗಡಿಗರು 1940ರಲ್ಲಿ ಇನ್ನೊಂದು ಮುಖ್ಯ ಅಂಶವನ್ನು ಮುಂದಿಟ್ಟರು: ಪೌಷ್ಟಿಕ ಆಹಾರವಿಲ್ಲದ ಬಡವರಲ್ಲಿ ಈ ರೋಗ ಹೆಚ್ಚು ತೀವ್ರವಾಗಿರುತ್ತದೆ.

1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕೃಷ್ಣಸ್ವಾಮಿ ಅವರು ಫ್ಲೋರೈಡ್ ಪೀಡಿತ ಊರುಗಳ ಎಳೆಯರಲ್ಲಿ ಮೊಣಕಾಲುಗಳು ಒಂದಕ್ಕೊಂದು ತಾಗುವಂತೆ ಒಳಬಾಗುವ ವಿಕಾರವನ್ನು ವರದಿ ಮಾಡಿದರು. ಅದೇ ಸಂಸ್ಥೆಯ ಅಧ್ಯಯನವೊಂದು ಅಕ್ಕಿಯ ಊಟ ಮಾಡುವವರಿಗಿಂತ ಜೋಳದ ಊಟ ಮಾಡುವವರ ದೇಹದಲ್ಲಿ ಫ್ಲೋರೈಡ್ ಹೆಚ್ಚು ಉಳಿಯುತ್ತದೆಂದು ತೋರಿಸಿತು. ಹಾಗೆಂದು ಜೋಳದ ರೊಟ್ಟಿಯನ್ನು ಬಿಡಬೇಕೆಂದು ಯಾರೂ ತಿಳಿಯಬಾರದು. ತಪ್ಪು ರೊಟ್ಟಿಯದಲ್ಲ, ನೀರಿನದು. ಜೋಳವುಣ್ಣುವ ನಾಡಿನಲ್ಲಿ ನೀರಿನ ಶುದ್ಧಿಗೆ ಇನ್ನಷ್ಟು ಮಹತ್ವ ಬೇಕೆಂಬುದೇ ಅದರಿಂದ ಕಲಿಯಬೇಕಾದ ಪಾಠ.

ಹಂದಿಗೋಡಿನ ಪಾಠ

ಒಂದೇ ಮನೆಯಲ್ಲಿ ಹಲವರಿಗೆ ಕೀಲುನೋವಿದ್ದರೆ ಅದಕ್ಕೆ ನೀರೇ ಕಾರಣವೆಂದು ತೀರ್ಮಾನಿಸಬಹುದೇ? ಅವಸರ ಸಲ್ಲದೆಂದು ನಮ್ಮ ನಾಡಿನದೇ ಆದ ಇನ್ನೊಂದು ಉದಾಹರಣೆ ಹೇಳುತ್ತದೆ.

ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನಲ್ಲಿ ಹಂದಿಗೋಡು ಎಂಬ ಹಳ್ಳಿಯಿದೆ. 1970ರ ದಶಕದ ಮಧ್ಯಭಾಗದಲ್ಲಿ ಅಲ್ಲಿನ ಬಡ ಕೃಷಿ ಕಾರ್ಮಿಕ ಕುಟುಂಬಗಳಲ್ಲಿ ವಿಚಿತ್ರವಾದ ಕೀಲುರೋಗ ಹೊರಬಿತ್ತು. ಸೊಂಟದ ಕೀಲು ಮತ್ತು ಮೊಣಕಾಲುಗಳಲ್ಲಿ ನೋವು ಮೊದಲಾಗಿ, ಬರಬರುತ್ತ ನಡೆಯುವುದೇ ದುಸ್ತರವಾಗುತ್ತಿತ್ತು. ಕೆಲವರು ಕುಳ್ಳಾಗಿಯೇ ಉಳಿಯುತ್ತಿದ್ದರು. ಗದ್ದೆಗೆ ಸಿಂಪಡಿಸಿದ ಕೀಟನಾಶಕವೇ ಕಾರಣವಿರಬೇಕು, ಆ ಗದ್ದೆಯ ಏಡಿಗಳನ್ನು ತಿಂದವರಿಗೆ ರೋಗ ಬಂದಿರಬೇಕು ಎಂಬ ಊಹೆ ಮೊದಲಿಗೆ ಹಬ್ಬಿತು. ರಾಷ್ಟ್ರೀಯ ಪೋಷಣ ಸಂಸ್ಥೆಯ ಭಟ್ ಮತ್ತು ಕೃಷ್ಣಮಾಚಾರಿ 1977ರಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ವರ್ಣಿಸಿದರು. ಮುಂದೆ ಲಖನೌದ ಸಂಜಯ ಗಾಂಧಿ ಸ್ನಾತಕೋತ್ತರ ವೈದ್ಯವಿಜ್ಞಾನ ಸಂಸ್ಥೆಯ ಅಗರವಾಲ್ ಮತ್ತು ಸಂಗಡಿಗರು ಎಕ್ಸ್‌ರೇ ಚಿತ್ರಗಳನ್ನೂ ಮನೆತನಗಳ ವಂಶಾವಳಿಯನ್ನೂ ಕೂಲಂಕಷವಾಗಿ ಪರಿಶೀಲಿಸಿ 1990ರ ದಶಕದಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಇದು ವಂಶವಾಹಿಯ ದೋಷ. ತಾಯಿ ಅಥವಾ ತಂದೆಗೆ ರೋಗವಿದ್ದರೆ ಹುಟ್ಟುವ ಪ್ರತಿಯೊಂದು ಮಗುವಿಗೂ ಅದು ಬರುವ ಸಾಧ್ಯತೆ ಅರ್ಧದಷ್ಟು. ದಕ್ಷಿಣ ಆಫ್ರಿಕಾದ ಮ್ಸೆಲೆನಿ ಎಂಬಲ್ಲಿಯೂ ಇದನ್ನು ಹೋಲುವ ರೋಗವಿದೆ.

ಕಾರಣ ತಿಳಿಯದ ರೋಗಕ್ಕೆ ಶಾಪವೆಂದೋ ಕರ್ಮವೆಂದೋ ಹೆಸರಿಡುವುದು ಲೋಕದ ರೂಢಿ. ಸಂಶೋಧನೆಯ ಬೆಳಕು ಅಂಥ ಮಾತುಗಳಿಗೆ ಎಡೆಯಿಲ್ಲದಂತೆ ಮಾಡುತ್ತದೆ. ಅಷ್ಟೇ ಅಲ್ಲ, ಮಾಡಬೇಕಾದ ಕೆಲಸವನ್ನೂ ತೋರಿಸುತ್ತದೆ. ಹಂದಿಗೋಡಿನ ರೋಗಕ್ಕೆ ನೀರು ಶುದ್ಧೀಕರಿಸಿ ಪ್ರಯೋಜನವಿಲ್ಲ, ಅಲ್ಲಿ ಬೇಕಾದುದು ಕುಟುಂಬಕ್ಕೆ ತಿಳಿವಳಿಕೆ ಮತ್ತು ಶಸ್ತ್ರಚಿಕಿತ್ಸೆಯ ನೆರವು. ನಮ್ಮ ಸೀಮೆಯ ಫ್ಲೋರೋಸಿಸ್‌ಗೆ ವಂಶವನ್ನು ದೂರಿ ಪ್ರಯೋಜನವಿಲ್ಲ, ಇಲ್ಲಿ ಬದಲಾಗಬೇಕಾದುದು ನೀರು.

ಎರಡನ್ನೂ ಬೇರ್ಪಡಿಸಲು ನೆರವಾಗುವ ಒಂದು ಸರಳ ಪ್ರಶ್ನೆಯಿದೆ: ಬೇರೆ ಊರಿನಿಂದ ಬಂದ ಸೊಸೆಯ ಕೀಲುಗಳು ಹೇಗಿವೆ? ವಂಶದ ರೋಗವಾದರೆ ಆ ಮನೆಯ ಮಕ್ಕಳಿಗೆ ಬರುತ್ತದೆ, ಹೊರಗಿನಿಂದ ಬಂದ ಸೊಸೆಗೆ ಬರುವುದಿಲ್ಲ. ನೀರಿನ ರೋಗವಾದರೆ ಹತ್ತಿಪ್ಪತ್ತು ವರ್ಷ ಆ ಮನೆಯ ಕೊಡದ ನೀರು ಕುಡಿದ ಸೊಸೆಯೂ ಅದರಿಂದ ತಪ್ಪಿಸಿಕೊಳ್ಳಲಾರಳು. ಸೋದರಮಾವನ ಮಗನನ್ನೋ ಅತ್ತೆಯ ಮಗನನ್ನೋ ಮದುವೆಯಾಗಿ ಬಂದವಳಾದರೆ ಮಾತ್ರ ಈ ಲೆಕ್ಕ ತಪ್ಪಬಹುದು. ಆದುದರಿಂದ ವೈದ್ಯರ ಮುಂದೆ ಕುಳಿತಾಗ ಮನೆಯಲ್ಲಿ ಯಾರಿಗೆ ನೋವಿದೆ, ಅವರು ಎಲ್ಲಿ ಹುಟ್ಟಿ ಎಲ್ಲಿ ಬೆಳೆದರು, ಯಾವ ನೀರು ಕುಡಿದರು ಎಂಬುದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಬೇಕು.

ಗುರುತಿಸುವ ಬಗೆ

ಫ್ಲೋರೈಡಿನ ಮೊದಲ ಗುರುತು ಮಕ್ಕಳ ಹಲ್ಲಿನ ಮೇಲೆ ಕಾಣುತ್ತದೆ. ಶಾಶ್ವತ ಹಲ್ಲುಗಳ ಮೇಲೆ ಸುಣ್ಣ ಬಳಿದಂತಹ ಬಿಳಿ ಮಚ್ಚೆಗಳು, ಮುಂದೆ ಹಳದಿ ಅಥವಾ ಕಂದು ಬಣ್ಣದ ಅಡ್ಡಗೆರೆಗಳು ಮೂಡುತ್ತವೆ. ಎಷ್ಟು ಉಜ್ಜಿದರೂ ಇವು ಹೋಗುವುದಿಲ್ಲ. ಹಲ್ಲು ದವಡೆಯೊಳಗೆ ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಮಾತ್ರ ಈ ಕಲೆ ಬೀಳುತ್ತದೆ. ಹಾಗಾಗಿ ಮೇಲೆ ಹೇಳಿದ ಸೊಸೆಯ ಹಲ್ಲು ಬೆಳ್ಳಗೇ ಇರಬಹುದು. ಹಲ್ಲು ಚೆನ್ನಾಗಿದೆಯೆಂಬ ಕಾರಣಕ್ಕೆ ಅವಳ ಕೀಲುನೋವಿನಲ್ಲಿ ನೀರಿನ ಪಾತ್ರವಿಲ್ಲವೆಂದು ಹೇಳಲಾಗದು.

ದೊಡ್ಡವರಿಗೆ ಮೂರು ಸರಳ ಪರೀಕ್ಷೆಗಳಿವೆ. ಫ್ಲೋರೋಸಿಸ್ ಸಂಶೋಧನೆಗೆ ಹೆಸರಾದ ದೆಹಲಿಯ ಡಾ. ಎ. ಕೆ. ಸುಶೀಲಾ ಅವರು ಇವನ್ನು ಬಳಕೆಗೆ ತಂದವರಲ್ಲಿ ಪ್ರಮುಖರು. ಮೊಣಕಾಲು ಮಡಚದೆ ಬಾಗಿ ಕಾಲಿನ ಬೆರಳು ಮುಟ್ಟುವುದು ಮೊದಲನೆಯದು. ಗದ್ದವನ್ನು ಎದೆಗೆ ತಾಗಿಸುವುದು ಎರಡನೆಯದು. ಕೈಗಳನ್ನು ಎರಡೂ ಬದಿಗೆ ಚಾಚಿ, ಮಡಚಿ, ತಲೆಯ ಹಿಂಭಾಗವನ್ನು ಮುಟ್ಟುವುದು ಮೂರನೆಯದು. ಇವನ್ನು ನೋವಿಲ್ಲದೆ ಮಾಡಲಾಗದವರು ಪರೀಕ್ಷೆಗೆ ಒಳಗಾಗಬೇಕು. ಇವು ಅನುಮಾನವನ್ನು ಎಬ್ಬಿಸುವ ಪರೀಕ್ಷೆಗಳು ಮಾತ್ರ, ನಿರ್ಣಯಿಸುವವರು ವೈದ್ಯರೇ. ಮುಂದೋಳಿನ ಎಕ್ಸ್‌ರೇಯಲ್ಲಿ ಎರಡು ಮೂಳೆಗಳ ನಡುವಿನ ಪೊರೆ ಗಟ್ಟಿಯಾಗಿ ಕಂಡರೆ ಅದು ಬಲವಾದ ಸಾಕ್ಷಿ. ಕುಡಿಯುವ ನೀರಿನ ಮತ್ತು ಮೂತ್ರದ ಫ್ಲೋರೈಡ್ ಪರೀಕ್ಷೆಗಳಿಂದ ನಿರ್ಣಯ ದೃಢವಾಗುತ್ತದೆ. ಕೇಂದ್ರ ಸರ್ಕಾರ 2008–09ರಲ್ಲಿ ಫ್ಲೋರೋಸಿಸ್ ತಡೆ ಮತ್ತು ನಿಯಂತ್ರಣಕ್ಕೆ ರಾಷ್ಟ್ರೀಯ ಕಾರ್ಯಕ್ರಮವನ್ನೇ ಆರಂಭಿಸಿತು.

ರುಮಟಾಯ್ಡ್ ಸಂಶಯವಿದ್ದರೆ ರುಮಟಾಯ್ಡ್ ಫ್ಯಾಕ್ಟರ್, ಆಂಟಿ ಸಿಸಿಪಿ ಎಂಬ ರಕ್ತಪರೀಕ್ಷೆಗಳಿವೆ. ಆದರೆ ರಕ್ತಪರೀಕ್ಷೆಯೊಂದನ್ನೇ ನಂಬುವಂತಿಲ್ಲ. ರೋಗವಿಲ್ಲದ ಕೆಲವರಲ್ಲಿಯೂ ರುಮಟಾಯ್ಡ್ ಫ್ಯಾಕ್ಟರ್ ಕಾಣಬಹುದು, ರೋಗವಿದ್ದ ಕೆಲವರಲ್ಲಿ ಕಾಣದಿರಬಹುದು. ಕೀಲನ್ನು ಮುಟ್ಟಿ ನೋಡಿ, ಪೂರ್ವವೃತ್ತಾಂತ ಕೇಳುವ ವೈದ್ಯರಿಗೆ ಬದಲಿಲ್ಲ.

ಚಿಕಿತ್ಸೆಯಲ್ಲಿ ಎಚ್ಚರ

ಮೂಳೆಗೆ ಇಳಿದ ಫ್ಲೋರೋಸಿಸನ್ನು ಪೂರ್ತಿ ಗುಣಪಡಿಸುವ ಔಷಧಿ ಇಲ್ಲ. ಆದರೆ ನಿರಾಶರಾಗಬೇಕಾಗಿಲ್ಲ. ಆರಂಭದಲ್ಲಿಯೇ ನೀರು ಬದಲಿಸಿ, ಸುಣ್ಣದಂಶ ಮತ್ತು ಸಿ ಜೀವಸತ್ವವುಳ್ಳ ಆಹಾರ ಕೊಟ್ಟರೆ ನೋವು ತಗ್ಗುತ್ತದೆ, ರೋಗ ಮುಂದುವರಿಯುವುದು ನಿಲ್ಲುತ್ತದೆ. ಬಲಿತ ರೋಗಕ್ಕೆ ಫಿಸಿಯೋಥೆರಪಿ ಮತ್ತು ನೋವು ಶಮನದ ಔಷಧಿ, ನರ ಒತ್ತಿದ್ದರೆ ಅಥವಾ ಕಾಲು ವಕ್ರವಾಗಿದ್ದರೆ ಶಸ್ತ್ರಚಿಕಿತ್ಸೆ ಬೇಕಾಗಬಹುದು.

ಸವೆತದ ಮೊಣಕಾಲುನೋವಿಗೆ ಮೊದಲ ಮದ್ದು ತೂಕ ಇಳಿಸುವುದು, ಎರಡನೆಯದು ತೊಡೆಯ ಸ್ನಾಯುಗಳನ್ನು ಬಲಪಡಿಸುವುದು. ಕುರ್ಚಿಯಲ್ಲಿ ಕುಳಿತು ಒಂದು ಕಾಲನ್ನು ನೇರವಾಗಿ ಚಾಚಿ, ಹತ್ತು ಎಣಿಸುವವರೆಗೆ ಹಿಡಿದು ಇಳಿಸುವ ವ್ಯಾಯಾಮವನ್ನು ಯಾವ ಅಜ್ಜಿಯಾದರೂ ಮನೆಯಲ್ಲಿ ಮಾಡಬಹುದು. ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆ ಕೊನೆಯ ಮೆಟ್ಟಿಲು.

ರುಮಟಾಯ್ಡ್ ರೋಗಕ್ಕೆ ಮೊದಲ ಕೆಲವೇ ತಿಂಗಳು ಅಮೂಲ್ಯವಾದ ಕಾಲ. ಆಗಲೇ ಸರಿಯಾದ ಔಷಧಿ ಆರಂಭವಾದರೆ ಬೆರಳು ವಕ್ರವಾಗುವುದನ್ನು ಬಹುಮಟ್ಟಿಗೆ ತಡೆಯಬಹುದು. ಮೆಥೋಟ್ರೆಕ್ಸೇಟ್ ಇದರ ಪ್ರಮುಖ ಔಷಧಿ. ಇದನ್ನು ವಾರಕ್ಕೆ ಒಂದೇ ದಿನ ಸೇವಿಸಬೇಕು. ತಪ್ಪಿ ದಿನನಿತ್ಯ ನುಂಗಿದರೆ ಪ್ರಾಣಕ್ಕೇ ಅಪಾಯ. ಬಸುರಿಯಾಗಲಿರುವವರು ಇದನ್ನು ಸೇವಿಸಬಾರದು. ವಾರದ ದಿನವನ್ನು ಮನೆಯ ಪಂಚಾಂಗದ ಮೇಲೆ ಗುರುತಿಸಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನೊಂದು ಕಟುಮಾತು ಹೇಳಲೇಬೇಕಾಗಿದೆ. ಸಂತೆಯಲ್ಲಿ, ಜಾತ್ರೆಯಲ್ಲಿ ಹೆಸರಿಲ್ಲದ ಪುಡಿಯ ಪೊಟ್ಟಣಗಳು ಕೀಲುನೋವಿಗೆ ರಾಮಬಾಣವೆಂದು ಮಾರಾಟವಾಗುತ್ತವೆ. ಎರಡೇ ದಿನಕ್ಕೆ ನೋವು ಮಾಯವಾದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರಬಹುದೆಂದು ಸಂಶಯಿಸಬೇಕು. ಅದನ್ನು ಬಹುಕಾಲ ತಿಂದರೆ ಮುಖ ಊದುತ್ತದೆ, ಸಕ್ಕರೆ ಕಾಯಿಲೆ ಬರಬಹುದು, ಮೂಳೆ ಟೊಳ್ಳಾಗುತ್ತದೆ, ಸೊಂಟದ ಕೀಲಿನ ಮೂಳೆಯೇ ಸಾಯಬಹುದು. ವೈದ್ಯರ ಸಲಹೆಯಿಲ್ಲದೆ ನೋವಿನ ಗುಳಿಗೆಗಳನ್ನು ದಿನವೂ ನುಂಗುವುದರಿಂದ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಹಾನಿ ಒದಗುತ್ತದೆ.

ಮನೆಯವರು ಮಾಡಬೇಕಾದುದು

ಮೊದಲು ನೀರಿನ ಪರೀಕ್ಷೆ. ಗ್ರಾಮ ಪಂಚಾಯಿತಿಯಲ್ಲಿ ಅಥವಾ ಕುಡಿಯುವ ನೀರಿನ ಇಲಾಖೆಯ ಪ್ರಯೋಗಾಲಯದಲ್ಲಿ ವಿಚಾರಿಸಿ, ನಿಮ್ಮ ಕೊಳವೆ ಬಾವಿಯ ಫ್ಲೋರೈಡ್ ಎಷ್ಟೆಂದು ತಿಳಿದುಕೊಳ್ಳಿರಿ. ಒಂದೇ ಊರಿನ ಎರಡು ಬಾವಿಗಳಲ್ಲಿ ಪ್ರಮಾಣ ಬೇರೆಬೇರೆಯಾಗಿರಬಹುದು.

ನೀರು ಕಾಯಿಸಿದರೆ ಫ್ಲೋರೈಡ್ ಹೋಗುತ್ತದೆಂಬುದು ತಪ್ಪು ತಿಳಿವಳಿಕೆ. ಕಾಯಿಸಿದಾಗ ನೀರು ಆವಿಯಾಗಿ ಉಳಿದುದರಲ್ಲಿ ಫ್ಲೋರೈಡ್ ಇನ್ನಷ್ಟು ಸಾಂದ್ರವಾಗುತ್ತದೆ. ಬಟ್ಟೆಯ ಶೋಧನೆಯಿಂದಾಗಲಿ ಸಾಮಾನ್ಯ ಕ್ಯಾಂಡಲ್ ಫಿಲ್ಟರಿನಿಂದಾಗಲಿ ಅದು ಹೋಗದು. ಶುದ್ಧ ಕುಡಿಯುವ ನೀರಿನ ಘಟಕಗಳ ಆರ್‌ಒ ವಿಧಾನ ಫ್ಲೋರೈಡನ್ನು ತೆಗೆಯುತ್ತದೆ, ಘಟಕ ಸುಸ್ಥಿತಿಯಲ್ಲಿದ್ದರೆ ಮಾತ್ರ. ಪಟಿಕ ಮತ್ತು ಸುಣ್ಣ ಬಳಸಿ ಫ್ಲೋರೈಡ್ ತೆಗೆಯುವ ನಲ್ಗೊಂಡ ವಿಧಾನವನ್ನು ನಾಗಪುರದ ರಾಷ್ಟ್ರೀಯ ಪರಿಸರ ಇಂಜಿನಿಯರಿಂಗ್ ಸಂಶೋಧನಾ ಸಂಸ್ಥೆ 1970ರ ದಶಕದಲ್ಲಿ ರೂಪಿಸಿತು. ಅದರ ಅಳತೆಯನ್ನು ಬಲ್ಲವರೇ ನಿರ್ಧರಿಸಬೇಕು. ನದಿ ಅಥವಾ ಕಾಲುವೆಯ ಶುದ್ಧೀಕರಿಸಿದ ನೀರು ನಲ್ಲಿಯಲ್ಲಿ ಬರುವ ಊರಿನವರು ಕುಡಿಯಲಿಕ್ಕೂ ಅಡಿಗೆಗೂ ಅದನ್ನೇ ಬಳಸಲಿ. ಮಳೆಯ ನೀರನ್ನು ಶುಚಿಯಾಗಿ ಹಿಡಿದಿಟ್ಟರೆ ಅದೂ ಉತ್ತಮ. ಬೇಳೆ ಬೇಯಿಸುವ ನೀರೂ ಹೊಟ್ಟೆಗೇ ಹೋಗುವುದೆಂಬುದನ್ನು ಮರೆಯಬಾರದು.

ಹಾಲು, ಮಜ್ಜಿಗೆ, ರಾಗಿ, ಎಳ್ಳು, ನುಗ್ಗೆಸೊಪ್ಪುಗಳಲ್ಲಿ ಸುಣ್ಣದಂಶವಿದೆ. ನೆಲ್ಲಿಕಾಯಿ, ಲಿಂಬೆ, ಸೀಬೆಹಣ್ಣುಗಳಲ್ಲಿ ಸಿ ಜೀವಸತ್ವವಿದೆ. ಇವು ಹಳ್ಳಿಯ ಮನೆಗಳಿಗೆ ದುಬಾರಿಯಲ್ಲ. ಬೆಳೆಯುವ ಮಕ್ಕಳಿಗೂ ಬಸುರಿ ಬಾಣಂತಿಯರಿಗೂ ಇವುಗಳಲ್ಲಿ ಮೊದಲ ಪಾಲು ಸಲ್ಲಬೇಕು. ಹಾಲಿಲ್ಲದ ಕಡುಚಹಾವನ್ನು ಮೇಲಿಂದ ಮೇಲೆ ಕುಡಿಯುವ ಅಭ್ಯಾಸ ಬೇಡ. ಚಹಾದ ಎಲೆಯಲ್ಲಿಯೂ ಫ್ಲೋರೈಡಿದೆ.

ಊರಿನ ಶಾಲೆಯ ಮಕ್ಕಳ ಹಲ್ಲುಗಳನ್ನು ಒಮ್ಮೆ ಗಮನಿಸಿರಿ. ಮಕ್ಕಳ ಹಲ್ಲಿನ ಮೇಲಿನ ಕಂದು ಗೆರೆ ಆ ಊರಿನ ನೀರು ಬರೆದ ಎಚ್ಚರಿಕೆಯ ಓಲೆ. ಅದನ್ನು ಇಂದು ಓದಿಕೊಂಡರೆ ಇಪ್ಪತ್ತು ವರ್ಷಗಳ ನಂತರ ಅದೇ ಮಕ್ಕಳ ಮೊಣಕಾಲು ಉಳಿಯುತ್ತದೆ. ಅಂಥ ಮಕ್ಕಳನ್ನು ಹಲ್ಲುಜ್ಜದವರೆಂದು ಯಾರೂ ಹೀಯಾಳಿಸದಿರಲಿ.

ಹಿರಿಯರ ನೋವನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಾಗುವುದು ಸೇವೆಯಲ್ಲ. ಅವರನ್ನು ಕೂರಿಸಿಕೊಂಡು ಯಾವ ಕೀಲು, ಎಂದಿನಿಂದ, ಯಾವ ಹೊತ್ತಿನಲ್ಲಿ ನೋಯುತ್ತದೆಂದು ಕೇಳುವುದು, ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯುವುದು, ಮನೆಯ ನೀರನ್ನು ಪರೀಕ್ಷೆಗೆ ಕಳಿಸುವುದು ನಿಜವಾದ ಸೇವೆ. ಮಠದ ಅಂಗಳದಲ್ಲಿ ಜನ ಸೇರುವ ಸಂದರ್ಭಗಳಲ್ಲಿ, ಮಹಿಳಾ ಸಂಘಗಳ ಸಭೆಗಳಲ್ಲಿ ಈ ವಿಷಯ ಚರ್ಚೆಗೆ ಬರಲೆಂದು ನಾವು ಆಶಿಸುತ್ತೇವೆ. ಒಂದು ಊರಿನವರು ಸೇರಿ ತಮ್ಮ ಬಾವಿಗಳ ಪಟ್ಟಿ ಮಾಡಿ, ಯಾವುದರ ನೀರು ಕುಡಿಯಲು ತಕ್ಕುದು, ಯಾವುದು ಬಟ್ಟೆ ಒಗೆಯಲು ಮಾತ್ರ ತಕ್ಕುದು ಎಂದು ಬಣ್ಣ ಬಳಿದು ಗುರುತು ಹಾಕಿದರೆ, ಯಾವ ಔಷಧಿಯೂ ಉಳಿಸಲಾಗದಷ್ಟು ಕೀಲುಗಳನ್ನು ಆ ಬಣ್ಣದ ಗುರುತು ಉಳಿಸಬಲ್ಲುದು.